ಐದನೇ ಪುಟದಿಂದ ಶುರು ಮಾಡಿ

ನಮಸ್ಕಾರ.

‘ಪ್ರಜಾಪ್ರಭುತ್ವಕ್ಕೆ ಸಂವಿಧಾನ ಯಾಕೆ ಬೇಕು’ ಎಂಬ ನಿಮ್ಮ ಲೇಖನ ಉಡುಪಿಯಿಂದ ಬಂದು ಎರಡು ವಾರವಾಯಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸಿಲ್ಲ. ಕಾರಣ ಐದನೇ ಪುಟದಲ್ಲಿ ಉಂಟು.

ಮೊದಲ ನಾಲ್ಕು ಪುಟ ಬರೀ ಸ್ತೋತ್ರ. ‘ದೇಶದ ಆತ್ಮ’, ‘ಪವಿತ್ರ ಗ್ರಂಥ’, ‘ದಾರಿದೀಪ’. ಗಣರಾಜ್ಯೋತ್ಸವದ ದಿನ ಮೈಕಿನ ಮುಂದೆ ನಡೆದೀತು, ಓದುವವನ ಕೈಗೆ ಏನೂ ಹತ್ತುವುದಿಲ್ಲ. ಲಿಖಿತ ಸಂವಿಧಾನವಿಲ್ಲದೆ ಯಾವ ಪ್ರಜಾಪ್ರಭುತ್ವವೂ ಉಳಿಯದು ಅಂದಿದ್ದೀರಿ. ಬ್ರಿಟನ್ ಏನಾಯಿತು? ಅಲ್ಲಿಯ ಸಂವಿಧಾನ ಒಂದೇ ಪುಸ್ತಕವಾಗಿ ಇಲ್ಲ; ಕಾಯ್ದೆ, ತೀರ್ಪು, ರೂಢಿಗಳಲ್ಲಿ ಹರಡಿಕೊಂಡಿದೆ. ನ್ಯೂಜಿಲೆಂಡಿನದೂ ಹೆಚ್ಚುಕಡಿಮೆ ಹಾಗೆಯೇ.

ಇನ್ನು ಐದನೇ ಪುಟ. ನಿಮ್ಮೂರಿನ ಯುವಕ ಮಂಡಲದ ಮಹಾಸಭೆಯಲ್ಲಿ ಲೆಕ್ಕ ಕೇಳಿದ 4 ಮಂದಿಯನ್ನು ಸದಸ್ಯತ್ವದಿಂದ ತೆಗೆಯಲಿಕ್ಕೆ 31 ಕೈ ಮೇಲೆದ್ದವು. ನಿವೃತ್ತ ಮಾಸ್ಟ್ರೊಬ್ಬರು ಬೈಲಾ ತೆರೆದು, ನೋಟಿಸು ಕೊಡದೆ, ಅವರ ಮಾತು ಕೇಳದೆ ತೆಗೆಯುವ ಹಾಗಿಲ್ಲ ಅಂದರು. ಕೈಗಳು ಕೆಳಗಿಳಿದವು. ಇಷ್ಟನ್ನು ಮೂರೇ ಸಾಲಿನಲ್ಲಿ ಮುಗಿಸಿ ಮತ್ತೆ ದಾರಿದೀಪಕ್ಕೆ ಓಡಿದ್ದೀರಿ. ಮಾರಾಯ್ರೆ, ಲೇಖನ ಇರುವುದೇ ಅಲ್ಲಿ! ಬಹುಮತ ಇದ್ದರೂ ಮಾಡಬಾರದ್ದು ಯಾವುದು ಎಂಬ ಪ್ರಶ್ನೆ ಉಳಿದ ಪುಟಗಳಲ್ಲಿ ಒಮ್ಮೆಯೂ ಏಳುವುದಿಲ್ಲ.

ಈ ಪ್ರಶ್ನೆ ನಮ್ಮ ಪಕ್ಕದೂರಿನಿಂದಲೇ ದೆಹಲಿಗೆ ಹೋಗಿತ್ತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು ಕೂತು ಕೇಳಿದರು. 1973ರ ಏಪ್ರಿಲ್ 24ರಂದು, 7–6ರ ಕೂದಲೆಳೆಯ ಅಂತರದಲ್ಲಿ ತೀರ್ಪು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವ ಹಾಗಿಲ್ಲ. ಮಠದ ಭೂಮಿ ಉಳಿಯಲಿಲ್ಲ, ಸ್ವಾಮೀಜಿಯ ಹೆಸರು ಪ್ರತಿ ಕಾನೂನು ವಿದ್ಯಾರ್ಥಿಯ ಬಾಯಲ್ಲಿ ಉಳಿಯಿತು. ನಿಮ್ಮ ಮಾಸ್ಟ್ರು ಮಾಡಿದ್ದೂ ಅದನ್ನೇ ಅಲ್ಲವೇ, ಸಣ್ಣ ಪ್ರಮಾಣದಲ್ಲಿ?

ಹಾಗೆಂದು ಬಹುಮತವನ್ನೇ ಖಳನಾಯಕ ಮಾಡಿಬಿಡಬೇಡಿ. ಕರ್ನಾಟಕದ ಭೂಸುಧಾರಣೆ ಕಾನೂನಿಗೆ 1974ರ ತಿದ್ದುಪಡಿ ಬಂದಾಗ ಡಿಕ್ಲರೇಶನ್ (ಗೇಣಿದಾರರ ಅರ್ಜಿ) ಕೊಟ್ಟು ಗೇಣಿ ಭೂಮಿಯನ್ನು ಸ್ವಂತ ಮಾಡಿಕೊಂಡ ಮನೆಗಳು ನಿಮ್ಮ ಆಸುಪಾಸಿನಲ್ಲೂ ಇದ್ದಾವು. ಅದು ಶಾಸನಸಭೆಯ ಬಹುಮತ ಮಾಡಿದ ಕೆಲಸ. ಈ ಎಳೆದಾಟ ಲೇಖನದಲ್ಲಿ ಕಾಣಲಿ, ಇಸ್ತ್ರಿ ಹಾಕಿ ಮಟ್ಟ ಮಾಡಬೇಡಿ.

ಇನ್ನೊಂದು. ಸಂವಿಧಾನವನ್ನು ಅಂಬೇಡ್ಕರ್ ಒಬ್ಬರೇ ಕೂತು ಬರೆದರು ಅಂತ ನಿಮ್ಮ ಲೇಖನದಲ್ಲಿ ಉಂಟು. ಮೊದಲ ಕರಡು ತಯಾರಿಸಿದ, ಸಂವಿಧಾನ ರಚನಾ ಸಭೆಯ ಸಲಹೆಗಾರ ಬಿ. ಎನ್. ರಾವ್ ಹುಟ್ಟಿದ್ದು ಮಂಗಳೂರಿನಲ್ಲಿ, 1887ರಲ್ಲಿ. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರರೇ ಅವರ ಪಾಲನ್ನು ನೆನೆದಿದ್ದಾರೆ. (ಇದನ್ನು ಹಿಡಿದುಕೊಂಡು ‘ನಿಜವಾಗಿ ಬರೆದದ್ದು ರಾವ್’ ಅನ್ನುವವರ ಸಾಲಿಗೂ ಸೇರಬೇಡಿ. ಕರಡು ಸಮಿತಿ ಅದನ್ನು ತಿದ್ದಿತು, ಸಭೆ ಅದರ ಮೇಲೆ ತಿಂಗಳುಗಟ್ಟಲೆ ಚರ್ಚಿಸಿತು.)

ಸ್ತೋತ್ರದ ಪುಟಗಳನ್ನು ಹರಿದುಹಾಕಿ, ಮಹಾಸಭೆಯಿಂದ ಶುರು ಮಾಡಿ, ಎರಡು ಪುಟದಲ್ಲಿ ಬರೆದು ಕಳಿಸಿ. ಅಂದ ಹಾಗೆ, ಆ 4 ಮಂದಿ ಕೇಳಿದ ಲೆಕ್ಕ ಕೊನೆಗೆ ಸಿಕ್ಕಿತಾ? ಅದನ್ನು ನೀವು ಬರೆದೇ ಇಲ್ಲ.

ಇತಿ,
ಸಂಪಾದಕ
ಮಂಗಳೂರು