ಕೈತೋಟದ ಹಕ್ಕಿಗಳ ಫೋಟೋ ತೆಗೆಯಲು 600 ಎಂಎಂ ಲೆನ್ಸ್ ಕೊಳ್ಳಲೇಬೇಕಾ?

ನಿಮ್ಮ ಬಳಿ 55-250 ಎಂಎಂ ಲೆನ್ಸ್ ಇದೆ (ಈ ಅಂಕಿ ಹೆಚ್ಚಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ). ಮನೆ ಹಿಂದೆ ದಾಸವಾಳ, ಸೀಬೆ, ಕರಿಬೇವು ಇವೆ. ಹಕ್ಕಿಗಳೂ ದಿನಾ ಬರುತ್ತವೆ. ಆದರೆ ಕ್ಯಾಮೆರಾ ಹಿಡಿದು ಹೊರಗೆ ಬಂದ ಕೂಡಲೇ ಹಾರಿಹೋಗುತ್ತವೆ, ಸಿಕ್ಕಿದ ಫೋಟೋದಲ್ಲೂ ಚುಕ್ಕಿಯಷ್ಟೇ ಕಾಣುತ್ತವೆ. ಅದಕ್ಕೆ 600 ಎಂಎಂ ಕೊಳ್ಳಲಾ ಅಂತ ಕೇಳಿದ್ದೀರಿ. ಈಗ ಬೇಡ. ನಾನು ಮೈಸೂರಿನ ನಮ್ಮ ಮನೆಯ ಹಿತ್ತಲಲ್ಲಿ ತೆಗೆದ ಒಳ್ಳೆಯ ಫೋಟೋಗಳೆಲ್ಲ ಹೆಚ್ಚುಕಡಿಮೆ ನಿಮ್ಮ ಲೆನ್ಸಿನಷ್ಟೇ ಉದ್ದದ ಲೆನ್ಸಿನಲ್ಲಿ ಬಂದವು.

ಒಂದು ಲೆಕ್ಕ ನೋಡಿ. ಸೂರಕ್ಕಿ (ಸನ್‌ಬರ್ಡ್) ಸುಮಾರು 10 ಸೆಂಟಿಮೀಟರ್ ಉದ್ದದ ಹಕ್ಕಿ. ಅದು 10 ಅಡಿ ದೂರದಲ್ಲಿದ್ದರೆ, ನಿಮ್ಮ ಕ್ಯಾಮೆರಾದಲ್ಲಿ 250 ಎಂಎಂಗೆ ಫ್ರೇಮಿನ ಅಗಲದ ಮೂರನೇ ಒಂದು ಭಾಗವನ್ನು ತುಂಬುತ್ತದೆ. ಅಷ್ಟು ಸಾಕು, ಸ್ವಲ್ಪ ಕ್ರಾಪ್ ಮಾಡಿದರೆ ರೆಕ್ಕೆಯ ಒಂದೊಂದು ಗರಿಯೂ ಎಣಿಸುವಷ್ಟು ಚೆನ್ನಾಗಿ ಕಾಣುತ್ತದೆ. ಅದೇ ಹಕ್ಕಿ 30 ಅಡಿ ದೂರದಲ್ಲಿದ್ದರೆ 600 ಎಂಎಂ ಹಾಕಿದರೂ ಇಷ್ಟು ದೊಡ್ಡದಾಗಿ ಬರುವುದಿಲ್ಲ. ಹಾಗಾಗಿ ದುಡ್ಡು ಸುರಿಯುವ ಮುಂಚೆ, ಹಕ್ಕಿ ತಾನಾಗಿ 10 ಅಡಿ ಹತ್ತಿರ ಬಂದು ಕೂರುವ ಹಾಗೆ ಮಾಡಿಕೊಳ್ಳಿ. ಹಕ್ಕಿಯ ಬೆನ್ನು ಹತ್ತಬೇಡಿ. ಅದು ಎಲ್ಲಿಗೆ ಬರುತ್ತದೋ ಅಲ್ಲಿ ನೀವು ಮೊದಲೇ ಕೂತಿರಬೇಕು.

ಇದಕ್ಕೆ ನೀರಿಗಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಹೂಕುಂಡದ ಕೆಳಗೆ ಇಡುವ ಅಗಲವಾದ ಮಣ್ಣಿನ ತಟ್ಟೆ ತಗೊಳ್ಳಿ. ಎರಡು ಬೆರಳಿನಷ್ಟು ಮಾತ್ರ ನೀರು ಹಾಕಿ, ನಡುವೆ ಒಂದು ಚಪ್ಪಟೆ ಕಲ್ಲಿಡಿ. ಆಳ ಜಾಸ್ತಿಯಾದರೆ ಸಣ್ಣ ಹಕ್ಕಿಗಳು ಇಳಿಯುವುದಿಲ್ಲ. ಪೊದೆಯ ಬುಡಕ್ಕೆ ಒತ್ತಿ ಇಡಬೇಡಿ, ಅಲ್ಲಿ ಬೆಕ್ಕು ಹೊಂಚು ಹಾಕುತ್ತದೆ. ನಾಲ್ಕೈದು ಅಡಿ ಈಚೆಗಿರಲಿ. ದಿನಾ ನೀರು ಚೆಲ್ಲಿ, ತಟ್ಟೆ ಉಜ್ಜಿ ಹೊಸದು ತುಂಬಿ. ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತವೆ.

ಈಗ ಮುಖ್ಯವಾದ ಕೆಲಸ. ತಟ್ಟೆಯ ಪಕ್ಕ, ಅದಕ್ಕಿಂತ ಎರಡು ಮೂರು ಅಡಿ ಎತ್ತರಕ್ಕೆ, ಒಂದು ಒಣ ಸೀಬೆ ಕೊಂಬೆಯನ್ನು ಕುಂಡದಲ್ಲಿ ನೆಡಿ. ಪಿಕಳಾರ (ಬುಲ್‌ಬುಲ್) ಆಗಲಿ, ಮಡಿವಾಳ ಹಕ್ಕಿ ಆಗಲಿ, ನೇರವಾಗಿ ನೀರಿಗೆ ಬೀಳುವುದು ಕಡಿಮೆ. ಮೊದಲು ಎತ್ತರದಲ್ಲಿ ಕೂತು ಸುತ್ತ ನೋಡುತ್ತವೆ. ಕತ್ತು ಆ ಕಡೆ ಈ ಕಡೆ ತಿರುಗಿಸುತ್ತವೆ. ಧೈರ್ಯ ಬಂದ ಮೇಲೆ ಕೆಳಗಿಳಿಯುತ್ತವೆ. ಆ ನೋಡುವ ಕ್ಷಣವೇ ನಿಮ್ಮ ಫೋಟೋ. ನೀರಲ್ಲಿ ಮಿಂದ ಮೇಲೂ ಅದೇ ಕೊಂಬೆಗೆ ಬಂದು ಗರಿ ಕೊಡವಿಕೊಳ್ಳುತ್ತವೆ. ಕೆಮ್ಮೀಸೆ ಪಿಕಳಾರ ಒದ್ದೆ ಜುಟ್ಟು ನಿಮಿರಿಸಿಕೊಂಡು ಮೈಯೆಲ್ಲ ಉಬ್ಬಿಸಿ ಕೂರುವುದನ್ನು ಒಮ್ಮೆ ನೋಡಿ, ಆಮೇಲೆ ಬಿಡಲು ಮನಸ್ಸೇ ಬರುವುದಿಲ್ಲ.

ಕೊಂಬೆ ಎಲ್ಲಿ ನೆಡಬೇಕು ಅನ್ನುವುದನ್ನು ಹಕ್ಕಿಗಿಂತ ಹಿನ್ನೆಲೆ ನೋಡಿ ತೀರ್ಮಾನಿಸಿ. ಹಿಂದೆ ಪಕ್ಕದ ಮನೆಯ ಸುಣ್ಣದ ಗೋಡೆ, ಬಟ್ಟೆ ಹಗ್ಗ, ನೀಲಿ ಡ್ರಮ್ಮು ಇದ್ದರೆ ಎಂಥ ಲೆನ್ಸೂ ಉಳಿಸುವುದಿಲ್ಲ. ಕೊಂಬೆಯ ಹಿಂದೆ 15 ಅಡಿ ದೂರದಲ್ಲಿ ಹಸಿರು ಇರಲಿ, ಬಾಳೆಯೋ ದಾಸವಾಳದ ಬೇಲಿಯೋ. 250 ಎಂಎಂನಲ್ಲಿ ಎಫ್/5.6 (ಲೆನ್ಸಿನೊಳಗೆ ಬೆಳಕು ಬರುವ ತೂತಿನ ಅಳತೆ) ಇಟ್ಟರೂ ಅದು ಮೃದುವಾಗಿ ಕರಗಿಹೋಗುತ್ತದೆ. ಕುಂಡ ತಾನೇ, ಅರ್ಧ ಅಡಿ ಅತ್ತಿತ್ತ ಸರಿಸಿ ನೋಡಿ.

ನೀವು ಮನೆಯೊಳಗೆ ಇರಿ. ಕಿಟಕಿಯ ಸೊಳ್ಳೆ ಪರದೆ ತೆಗೆಯಿರಿ (ಪರದೆಯ ಮೂಲಕ ತೆಗೆದರೆ ಫೋಟೋ ಮಂಜಾಗುತ್ತದೆ), ಕೋಣೆಯ ದೀಪ ಆರಿಸಿ, ಕರ್ಟನ್ ಸಂದಿಯಲ್ಲಿ ಲೆನ್ಸ್ ಇಟ್ಟು ಕುರ್ಚಿ ಹಾಕಿಕೊಂಡು ಕೂತುಬಿಡಿ. ಕತ್ತಲೆಯೊಳಗಿನ ಮನುಷ್ಯನನ್ನು ಹಕ್ಕಿಗಳು ಅಷ್ಟಾಗಿ ಗಮನಿಸುವುದಿಲ್ಲ. ಮಹಡಿಯಿಂದ ಕೆಳಕ್ಕೆ ತೆಗೆಯಬೇಡಿ, ಹಕ್ಕಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇದ್ದರೆ ಚಂದ.

ಸೆಟ್ಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಟರ್ ವೇಗ ಕೂತ ಹಕ್ಕಿಗೆ 1/500 ಸೆಕೆಂಡ್, ಚಡಪಡಿಸುವ ಸೂರಕ್ಕಿ, ಟುವ್ವಿ ಹಕ್ಕಿಗಳಿಗೆ 1/1000, ಸ್ನಾನದ ನೀರ ಹನಿಗಳು ನಿಂತ ಹಾಗೆ ಬರಬೇಕಾದರೆ 1/2000. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋದಲ್ಲಿರಲಿ, 1600, 3200ಕ್ಕೆಲ್ಲ ಹೆದರಬೇಡಿ. ಕಂಟಿನ್ಯುಯಸ್ ಫೋಕಸ್ (ಹಕ್ಕಿ ಕದಲಿದರೂ ಹಿಂಬಾಲಿಸುವಂಥದ್ದು), ಒಂದೇ ಪಾಯಿಂಟ್, ಅದು ಕಣ್ಣಿನ ಮೇಲೆ. ಕಪ್ಪುಬಿಳುಪಿನ ಮಡಿವಾಳ ಹಕ್ಕಿ ಬಿಸಿಲಿಗೆ ಬಂದಾಗ ಎಕ್ಸ್‌ಪೋಷರನ್ನು ಸ್ವಲ್ಪ ಇಳಿಸಿ, ಇಲ್ಲದಿದ್ದರೆ ಬಿಳಿ ಭಾಗದ ಗರಿಗಳೆಲ್ಲ ಕಾಣೆಯಾಗುತ್ತವೆ.

ಸೂರಕ್ಕಿಗೆ ಮಾತ್ರ ಬೆಳಕಿನ ಬಗ್ಗೆ ತುಂಬಾ ಯೋಚಿಸಬೇಕು. ಗಂಡಿನ ನೆತ್ತಿಯ ಹಸಿರು, ಕತ್ತಿನ ನೇರಳೆ ಬಣ್ಣಗಳು ಗರಿಯ ರಚನೆಯಿಂದ ಹುಟ್ಟುವ ಹೊಳಪು. ಬೆಳಕು ಸರಿಯಾದ ಕೋನದಲ್ಲಿ ಬಿದ್ದು ನಿಮ್ಮ ಕಡೆ ತಿರುಗಿದರೆ ಮಾತ್ರ ಕಾಣುತ್ತವೆ. ನೆರಳಲ್ಲಿ ಅದೇ ಹಕ್ಕಿಯ ತಲೆ ಕಪ್ಪಗಿರುತ್ತದೆ. ಹಾಗಾಗಿ ಬೆಳಿಗ್ಗೆ ಏಳರಿಂದ ಒಂಬತ್ತರ ಒಳಗೆ ಸೂರ್ಯ ನಿಮ್ಮ ಬೆನ್ನ ಹಿಂದೆ ಇರುವ ಕಿಟಕಿ ಆರಿಸಿಕೊಳ್ಳಿ. ಹಕ್ಕಿ ತಲೆ ತಿರುಗಿಸುವವರೆಗೆ ಕಾದು ಬಟನ್ ಒತ್ತಿ. ಇನ್ನೊಂದು ವಿಷಯ. ದಾಸವಾಳದಲ್ಲಿ ಅದು ಹೂವಿನ ಎದುರಿನಿಂದ ಕೊಕ್ಕು ಹಾಕುವುದು ಕಡಿಮೆ. ಪಕ್ಕದಿಂದ ಬಂದು, ತೊಟ್ಟಿನ ಹತ್ತಿರ ಬುಡಕ್ಕೇ ಚುಚ್ಚಿ ಮಕರಂದ ಹೀರುತ್ತದೆ. ಆದ್ದರಿಂದ ಹೂವಿನ ಮುಖಕ್ಕೆ ಫೋಕಸ್ ಹಿಡಿದು ಕಾಯುವುದು ವ್ಯರ್ಥ, ಬದಿಗೆ ಬನ್ನಿ.

ಅಕ್ಕಿ, ಬಿಸ್ಕೆಟ್ ಚೆಲ್ಲಿ ಹಕ್ಕಿ ಕರೆಯಬೇಡಿ. ಪಾರಿವಾಳಗಳು ಬಂದು ಠಿಕಾಣಿ ಹೂಡುತ್ತವೆ. ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದನ್ನಂತೂ ಮಾಡಲೇಬೇಡಿ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತೆಂದು ಅದು ಊಟ ಬಿಟ್ಟು ಹುಡುಕಾಡುತ್ತದೆ, ಪಾಪ. ಜಾಗವಿದ್ದರೆ ಒಂದು ಗಸಗಸೆ ಹಣ್ಣಿನ ಗಿಡ ನೆಡಿ. ಬೇಗ ಬೆಳೆಯುತ್ತದೆ, ವರ್ಷದ ಬಹುಪಾಲು ಹಣ್ಣು ಬಿಡುತ್ತದೆ, ಪಿಕಳಾರ, ಕುಟ್ರುಹಕ್ಕಿ, ಬದನಿಕೆ ಹಕ್ಕಿ ಎಲ್ಲಕ್ಕೂ ಇಷ್ಟ. ಗಿಡಗಳಿಗೆ ಕೀಟನಾಶಕ ಹೊಡೆಯುವುದನ್ನೂ ನಿಲ್ಲಿಸಿ. ಮಕರಂದ ಕುಡಿಯುವ ಸೂರಕ್ಕಿಯೂ ಮರಿಗಳಿಗೆ ಹುಳುಹುಪ್ಪಟೆ, ಜೇಡಗಳನ್ನೇ ತಿನ್ನಿಸುವುದು.

ಗೂಡು ಕಂಡರೆ ಕ್ಯಾಮೆರಾ ಒಳಗಿಡಿ. ಇದನ್ನು ಬೇಡಿಕೊಂಡು ಹೇಳುತ್ತಿದ್ದೇನೆ. ಟುವ್ವಿ ಹಕ್ಕಿ ಎಲೆ ಹೊಲಿದು ಮಾಡಿದ ಗೂಡು ಎದೆ ಮಟ್ಟದ ಗಿಡದಲ್ಲೇ ಇರಬಹುದು, ಒಂದೆಲೆ ಸರಿಸಿದರೆ ಮರಿಗಳು ಚೆನ್ನಾಗಿ ಕಾಣುತ್ತವೆ ಅನ್ನಿಸುತ್ತದೆ. ಆ ಎಲೆಯೇ ಅವುಗಳಿಗೆ ಮರೆ. ನೀವು ಪದೇ ಪದೇ ಹೋಗುವ ಜಾಗವನ್ನು ಕಾಗೆಯೂ ಕೆಂಬೂತವೂ ಗಮನಿಸುತ್ತಿರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೂಡ ಕಾಡುಹಕ್ಕಿಯ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡುವುದನ್ನು ಬೇಟೆಯ ಲೆಕ್ಕಕ್ಕೇ ಸೇರಿಸಿದೆ. ನಿಮ್ಮದೇ ತೋಟ ಅನ್ನುವ ವಿನಾಯಿತಿ ಏನೂ ಇಲ್ಲ.

ತಟ್ಟೆ ಇಟ್ಟ ಮೊದಲ ದಿನಗಳಲ್ಲಿ ಯಾರೂ ಬರದಿದ್ದರೆ ಎತ್ತಿಡಬೇಡಿ, ಜಾಗವನ್ನೂ ಬದಲಿಸಬೇಡಿ. ಹರಟೆಮಲ್ಲಗಳು ಮೊದಲು ಬರುವ ಸಾಧ್ಯತೆ ಜಾಸ್ತಿ, ಅವುಗಳ ಗಲಾಟೆ ಕೇಳಿ ಉಳಿದವೂ ಬರುತ್ತವೆ. ಅಕ್ಟೋಬರ್ ಹೊತ್ತಿಗೆ ನೀರು ತಪ್ಪಿಸದಿರಿ. ಆಗ ಉತ್ತರದಿಂದ ವಲಸೆ ಹಕ್ಕಿಗಳು ಇಳಿಯುತ್ತವೆ, ಮರಗಿಡ ಚೆನ್ನಾಗಿರುವ ಬಡಾವಣೆಯಾದರೆ ನವರಂಗ ಹಕ್ಕಿಯೂ ನಿಮ್ಮ ತರಗೆಲೆ ಕೆದಕಲು ಬಂದೀತು. ಇಷ್ಟೆಲ್ಲ ಮಾಡಿ ಒಂದು ವರ್ಷ ಕಳೆದ ಮೇಲೆ ಕೆರೆಗಳ ಕಡೆ, ಕಾಡಿನ ಕಡೆ ಹೋಗುವ ಆಸೆ ಹುಟ್ಟಿದರೆ ಆಗ ಉದ್ದದ ಲೆನ್ಸ್ ನೋಡೋಣ. ಅದೂ ಮೊದಲು ಒಂದು ದಿನಕ್ಕೆ ಬಾಡಿಗೆಗೆ ತಂದು, ಆ ಭಾರ ಹೊತ್ತು ಓಡಾಡಲು ಆಗುತ್ತದಾ ಅಂತ ನೋಡಿಕೊಂಡು.