ಸಂಪಾದಕರ ಉತ್ತರ: ಹಳೆಯ ಬಂದೂಕಿಗೆ ಸಿನಿಮಾದ ವೇಷ

ಡೊಂಬಿವಲಿಯಲ್ಲಿದ್ದು ಗೋರೆಗಾಂವದ ಚಿತ್ರನಗರಿಯಲ್ಲಿ ಕಲಾ ವಿಭಾಗದ ಪ್ರಾಪರ್ಟಿ (ದೃಶ್ಯಗಳಲ್ಲಿ ಬಳಸುವ ಸಾಮಾನು) ನೋಡಿಕೊಳ್ಳುವ ಓದುಗರೊಬ್ಬರು ಎರಡು ಪ್ರಶ್ನೆ ಕೇಳಿದ್ದಾರೆ. ಹದಿನೆಂಟನೆಯ ಶತಮಾನದ ಅಮೆರಿಕದ ಕಥೆಯುಳ್ಳ ಹಳೆಯ ಹಾಲಿವುಡ್ ಚಿತ್ರವೊಂದರಲ್ಲಿ ಸೈನಿಕರ ಚಕಮಕಿ ಬಂದೂಕಿಗೆ (ಕಲ್ಲಿನ ಕಿಡಿಯಿಂದ ಮದ್ದು ಹೊತ್ತುವ, ಬಾಯಿಯಿಂದ ತುಂಬುವ ಬಂದೂಕಿಗೆ) ನಳಿಗೆಯ ಹಿಂಬದಿಯಲ್ಲಿ ಮುಚ್ಚಳವಿರುವುದನ್ನು ಅವರು ಗಮನಿಸಿದ್ದಾರೆ. ಬಾಯಿಯಿಂದ ತುಂಬುವ ಬಂದೂಕಿಗೆ ಅಂಥ ಮುಚ್ಚಳ ಇರಬಾರದಲ್ಲ, ಇದು ಪ್ರೇಕ್ಷಕರಿಗೆ ಮಾಡಿದ ಮೋಸವಲ್ಲವೇ ಎಂಬುದು ಮೊದಲನೆಯದು. ಧಾರವಾಡದ ಕಡೆ ಸೋದರಮಾವನ ಮನೆಯಲ್ಲಿರುವ ಕೇಪಿನ ಬಂದೂಕಿನ (ಪುಟ್ಟ ಸಿಡಿಮದ್ದಿನ ಟೋಪಿ ಬಡಿದು ಮದ್ದು ಹೊತ್ತಿಸುವಂಥದ್ದರ) ನಳಿಗೆಯನ್ನು ಪರಿಚಯದ ಲೇತ್ ಅಂಗಡಿಯಲ್ಲಿ ಕೊಯ್ಸಿ, ಬ್ಲ್ಯಾಂಕ್ ತೋಟಾ (ಗುಂಡಿಲ್ಲದೆ ಮದ್ದು ಮಾತ್ರ ಇರುವ ತೋಟಾ) ಕೂರುವಂತೆ ಮಾಡಿ ಚಿತ್ರೀಕರಣಕ್ಕೆ ಬಾಡಿಗೆಗೆ ಕೊಡಬಹುದೇ ಎಂಬುದು ಎರಡನೆಯದು.

ಮಾನ್ಯರೇ,

ತಮ್ಮ ಕಣ್ಣು ಚುರುಕಾಗಿದೆ. ತಾವು ಕಂಡದ್ದು ಬಹುಮಟ್ಟಿಗೆ 1873ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ರೈಫಲ್ ಇರಬೇಕು. ಮುಚ್ಚಳವನ್ನು ಮೇಲೆತ್ತಿ ಹಿಂದಿನಿಂದ ತೋಟಾ ತುಂಬುವ ಈ ರೈಫಲ್‌ಗಳು, 1892ರಲ್ಲಿ ಅಮೆರಿಕದ ಸೈನ್ಯ ಬೇರೆ ಮಾದರಿಯನ್ನು ಆರಿಸಿಕೊಂಡ ಮೇಲೆ, ಕ್ರಮೇಣ ರಾಶಿ ರಾಶಿಯಾಗಿ ಅಗ್ಗದ ಬೆಲೆಗೆ ಮಾರುಕಟ್ಟೆಗೆ ಬಂದವು. ಹಾಲಿವುಡ್ಡಿಗೆ ಆಯುಧ ಒದಗಿಸುವವರು ಅವುಗಳಿಗೆ ಹುಸಿ ಕುದುರೆ (ಬಡಿಯುವ ಸುತ್ತಿಗೆಯಂಥ ಭಾಗ), ಅದರ ಬಾಯಿಗೊಂದು ಚಕಮಕಿ ಕಲ್ಲು, ಎದುರಿಗೆ ಉಕ್ಕಿನ ತಗಡು ಇಷ್ಟನ್ನು ಜೋಡಿಸಿ ನೂರು ವರ್ಷ ಹಿಂದಿನ ವೇಷ ತೊಡಿಸಿದರು.

ಇದಕ್ಕೆ ಕಾರಣ ಸೋಮಾರಿತನವಲ್ಲ. ನಿಜವಾದ ಚಕಮಕಿ ಬಂದೂಕಿಗೆ ಬಾಯಿಯಿಂದ ಮದ್ದು ಸುರಿದು, ಗಜದಿಂದ (ಉದ್ದನೆಯ ಸರಳಿನಿಂದ) ಜಡಿದು, ನಳಿಗೆಯ ಕಿವಿಯ (ಕಿಡಿ ಒಳಹೋಗುವ ತೂತಿನ) ಬಳಿಯ ಬಟ್ಟಲಿಗೂ ಒಂದಿಷ್ಟು ಪುಡಿ ಹಾಕಬೇಕು. ಪಳಗಿದ ಸಿಪಾಯಿಯೂ ನಿಮಿಷಕ್ಕೆ ಮೂರು ಗುಂಡು ಹಾರಿಸಿದರೆ ಹೆಚ್ಚು. ಆಯುಧ ಹಿಡಿದೇ ಗೊತ್ತಿಲ್ಲದ ನೂರಾರು ಜೂನಿಯರ್ ಆರ್ಟಿಸ್ಟ್‌ಗಳ ಕೈಗೆ ಬಿಡಿ ಮದ್ದು ಕೊಟ್ಟು, ಸಾಲಾಗಿ ನಿಲ್ಲಿಸಿ, ಒಂದೇ ಕ್ಷಣದಲ್ಲಿ ಎಲ್ಲ ನಳಿಗೆಗಳೂ ಹೊಗೆ ಕಾರಬೇಕೆಂದರೆ ಯಾವ ಸಾಹಸ ನಿರ್ದೇಶಕರೂ ಒಪ್ಪಲಾರರು. ಅಳತೆಗೆ ತಕ್ಕ ಮದ್ದು ತುಂಬಿಟ್ಟ ಬ್ಲ್ಯಾಂಕ್ ತೋಟಾ ಹಿಂದಿನಿಂದ ಹೋಗುವ ರೈಫಲ್ ಈ ತೊಡಕನ್ನು ಬಹುಪಾಲು ಕಳೆಯುತ್ತದೆ. ಆದ್ದರಿಂದ ನಾನು ಇದನ್ನು ಮೋಸ ಎನ್ನಲಾರೆ. ಕ್ಯಾಮೆರಾವನ್ನು ಮುಚ್ಚಳದ ಅಷ್ಟು ಹತ್ತಿರ ಒಯ್ದದ್ದು ಮಾತ್ರ ಅಜಾಗರೂಕತೆ.

ಹಳೆಯ ಬಂದೂಕನ್ನು ತಿದ್ದುವ ಕೆಲಸವನ್ನು ಸಿನಿಮಾಕ್ಕಿಂತ ಮೊದಲು ಸೈನ್ಯಗಳೇ ಮಾಡಿದ್ದವು. 1857ರ ದಂಗೆಯೊಡನೆ ಹೆಸರು ಬೆಸೆದುಕೊಂಡಿರುವ 1853ರ ಎನ್‌ಫೀಲ್ಡ್ ಬಾಯಿಯಿಂದ ಮದ್ದು ತುಂಬುವಂಥದ್ದು. ಅದರ ನಳಿಗೆಯ ಹಿಂಭಾಗವನ್ನು ಕತ್ತರಿಸಿ, ಬಲಕ್ಕೆ ಮಗುಚುವ ತುಂಡನ್ನು ಕೂರಿಸಿದಾಗ ಅದೇ 1866ರ ಸ್ನೈಡರ್ ಆಯಿತು. ಪಶ್ಚಿಮ ಬಂಗಾಳದ ಇಚ್ಛಾಪುರದ ಕಾರ್ಖಾನೆಯ ತ್ರೀ ನಾಟ್ ತ್ರೀ (.303 ಅಳತೆಯ) ರೈಫಲ್‌ಗಳಲ್ಲಿ ಕೆಲವನ್ನು ಪೊಲೀಸರಿಗೂ ಕಾವಲುಗಾರರಿಗೂ ಕೊಡಲೆಂದು .410 ಅಳತೆಯ ನುಣುಪು ನಳಿಗೆಗೆ ಬದಲಾಯಿಸಿದ್ದೂ ಉಂಟು. ತಮ್ಮ ವೃತ್ತಿಗೆ ಉಪಯುಕ್ತವಾದ ಒಂದು ಮಾತು: ಸ್ನೈಡರನ್ನು ಎಡಬದಿಯಿಂದ ಚಿತ್ರೀಕರಿಸಿದರೆ ಅದು 1853ರ ಎನ್‌ಫೀಲ್ಡ್ ಅಲ್ಲವೆಂದು ಹೇಳುವುದು ಸಾಮಾನ್ಯ ಪ್ರೇಕ್ಷಕರಿಗೆ ಕಷ್ಟ.

ಆದರೆ ಲಕ್ಷಗಟ್ಟಲೆ ತಯಾರಾಗಿದ್ದ ಸ್ಪ್ರಿಂಗ್‌ಫೀಲ್ಡಿಗೆ ಒಪ್ಪುವ ವಾದ ತಮ್ಮ ಮಾವನವರ ಬಂದೂಕಿಗೆ ಒಪ್ಪುವುದಿಲ್ಲ. 1857ರಲ್ಲಿ ಹತಾರ ಒಪ್ಪಿಸಲಾರೆವೆಂದು ಹಲಗಲಿಯ ಬೇಡರು ಸಿಡಿದೆದ್ದದ್ದು ನಮ್ಮ ಉತ್ತರ ಕರ್ನಾಟಕದಲ್ಲೇ. ಆ ಸೀಮೆಯ ಮನೆಯೊಂದರಲ್ಲಿ ಉಳಿದು ಬಂದ ಹಳೆಯ ಬಂದೂಕು ಬಾಡಿಗೆಯ ಸಾಮಾನಲ್ಲ. ಕೊಯ್ದ ನಳಿಗೆಯನ್ನು ಮತ್ತೆ ಮೊದಲಿನಂತೆ ಮಾಡಲಾಗದು. ಸ್ಟುಡಿಯೋಗಳಿಂದ ಹೊರಬಿದ್ದ ಎಷ್ಟೋ ರೈಫಲ್‌ಗಳು ಸ್ಕ್ರೂ ತೂತುಗಳನ್ನು ಹೊತ್ತು, ಚಕಮಕಿಯೂ ಅಲ್ಲದ, 1873ರ ಮೂಲರೂಪವೂ ಇಲ್ಲದ ಸ್ಥಿತಿಯಲ್ಲಿ ಸಂಗ್ರಾಹಕರ ಕೈ ಸೇರಿವೆ.

ಅಪಾಯದ ವಿಷಯವೂ ಇದೆ. ಕರಿಮದ್ದಿನ ಒತ್ತಡಕ್ಕೆಂದು ಮಾಡಿದ ಹಳೆಯ ಕಬ್ಬಿಣದ ನಳಿಗೆ, ಇಂದಿನ ಹೊಗೆರಹಿತ ಮದ್ದಿನ ತೋಟಾಕ್ಕೆ ಸೀಳಿಹೋಗಬಹುದು. ಬ್ಲ್ಯಾಂಕ್ ಎಂದರೆ ನಿರಪಾಯವೆಂಬ ನಂಬಿಕೆಯೂ ತಪ್ಪು: 1993ರಲ್ಲಿ ನಟ ಬ್ರ್ಯಾಂಡನ್ ಲೀ ಸತ್ತದ್ದು, ಮೊದಲೇ ನಳಿಗೆಯಲ್ಲಿ ಸಿಕ್ಕಿಕೊಂಡಿದ್ದ ಗುಂಡನ್ನು ಬ್ಲ್ಯಾಂಕಿನ ಮದ್ದು ಹೊರದೂಡಿದ್ದರಿಂದ.

ಕಾನೂನೂ ತಮ್ಮ ಯೋಜನೆಯ ಪರವಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೆಯ ಕಲಮು ಹಳೆಯ ಮಾದರಿಯ ಆಯುಧಕ್ಕೆ ಕೊಡುವ ವಿನಾಯಿತಿ, ರಿಪೇರಿ ಮಾಡಿದರೂ ಹಾರಿಸಲಾಗದಂಥದ್ದಕ್ಕೆ ಮಾತ್ರ. ಅಜ್ಜನ ಕಾಲದ್ದು ಎಂದ ಮಾತ್ರಕ್ಕೆ ಅದು ಸಿಗದು. ಬಂದೂಕನ್ನು ಮಾರ್ಪಡಿಸಲು, ರಿಪೇರಿ ಮಾಡಲು 5ನೆಯ ಕಲಮಿನಂತೆ ಪ್ರತ್ಯೇಕ ಪರವಾನಗಿ ಬೇಕು. ತಮ್ಮ ಪರಿಚಯದ ಲೇತ್ ಅಂಗಡಿಯವರು ಎಷ್ಟೇ ನಿಪುಣರಿರಲಿ, ಅವರಿಗೆ ಈ ಕೆಲಸ ಒಪ್ಪಿಸುವಂತಿಲ್ಲ.

ಮಾವನವರ ಬಳಿ ಪರವಾನಗಿ ಪತ್ರವಿದೆಯೇ ಎಂದು ಮೊದಲು ವಿಚಾರಿಸಿರಿ. ಇಲ್ಲವಾದರೆ ವಕೀಲರೊಬ್ಬರ ಸಲಹೆ ಪಡೆದು ಅದನ್ನು ಸರಿಪಡಿಸಿಕೊಳ್ಳುವುದೇ ತುರ್ತಿನ ಕೆಲಸ. ಆಮೇಲೆ ಬಂದೂಕನ್ನು ಅಲ್ಲಿಂದ ಕದಲಿಸದೆ ಅಳತೆ, ಛಾಯಾಚಿತ್ರ ತೆಗೆದುಕೊಂಡು, ಮರ ಮತ್ತು ರಬ್ಬರಿನಲ್ಲಿ ಎಷ್ಟು ಬೇಕೋ ಅಷ್ಟು ಪ್ರತಿಗಳನ್ನು ಮಾಡಿಸಿಕೊಳ್ಳಬಹುದು. ನಳಿಗೆಯ ಬೆಂಕಿ, ಹೊಗೆಗಳನ್ನು ಈಗ ಕಂಪ್ಯೂಟರಿನಲ್ಲಿ ಸೇರಿಸುತ್ತಾರೆಂಬುದು ನನಗಿಂತ ತಮಗೇ ಚೆನ್ನಾಗಿ ಗೊತ್ತು.

— ಸಂಪಾದಕ