ಸಲಹೆಗಾರರ ಸಂಬಳ ಯಾರ ಜೇಬಿನಿಂದ?

ಪ್ರಶ್ನೆ: ಸರ್ಕಾರಿ ಪ್ರೌಢಶಾಲೆಯ ಶಿಕ್ಷಕನಾಗಿ ಹೋದ ತಿಂಗಳು 60ಕ್ಕೆ ನಿವೃತ್ತನಾದೆ. ಗ್ರಾಚ್ಯುಟಿ, ಕಮ್ಯುಟೇಶನ್, ರಜೆ ನಗದೀಕರಣ ಸೇರಿ 42 ಲಕ್ಷ ಬಂದಿದೆ. ಬ್ಯಾಂಕಿನವರು ದಿನಾ ಫೋನ್ ಮಾಡಿ, ‘ವರ್ಷಕ್ಕೆ 5 ಲಕ್ಷದಂತೆ ಐದು ವರ್ಷ ಕಟ್ಟಿ’ ಎನ್ನುತ್ತಾರೆ. ಭಾವಮೈದ ವಿಮಾ ಏಜೆಂಟ್. ರಿಟರ್ನ್ಸ್ ಹಾಕಿಕೊಡುವ ಸಿಎ ಇದ್ದಾರೆ. ಫೀಸು ಕೊಟ್ಟೇ ಸಲಹೆ ಪಡೆಯಿರಿ ಎಂಬುದು ಮಗಳ ಹಟ. ಯಾರ ಹತ್ತಿರ ಹೋಗಲಿ?
– ನಿವೃತ್ತ ಶಿಕ್ಷಕ, ದಾವಣಗೆರೆ

ಉತ್ತರ: ಮೊದಲು ಬ್ಯಾಂಕಿನವರ ಮಾತು. ‘ಐದು ವರ್ಷ ಕಟ್ಟಿ’ ಎಂದರೆ ಅದು ಬಹುಪಾಲು ವಿಮಾ ಪಾಲಿಸಿ, ಠೇವಣಿಯಲ್ಲ. ಎರಡನೇ ಕಂತು ಕಟ್ಟಲಾಗದೆ ಬಿಟ್ಟರೆ ಕಟ್ಟಿದ್ದರಲ್ಲೂ ಒಂದು ಪಾಲು ಕೈಬಿಡಬಹುದು. ಸಹಿ ಹಾಕಿಯಾಗಿದ್ದರೆ ಪಾಲಿಸಿ ಪತ್ರ ಕೈಸೇರಿದ 30 ದಿನದೊಳಗೆ ವಾಪಸ್ ಕೊಡಬಹುದು.

ಬ್ಯಾಂಕಿನವರಿಗೂ ನಿಮ್ಮ ಭಾವಮೈದನಿಗೂ ಕಮಿಷನ್ ಕೊಡುವುದು ವಿಮಾ ಕಂಪನಿ. ಅವರು ಕೆಟ್ಟವರೆಂದಲ್ಲ, ಅಂಗಡಿಯಲ್ಲಿ ಇಲ್ಲದ ಸಾಮಾನನ್ನು ಯಾವ ಅಂಗಡಿಯವನೂ ಹೊಗಳುವುದಿಲ್ಲ. ಮ್ಯೂಚುವಲ್ ಫಂಡ್ ವಿತರಕರದೂ ಅದೇ ಕಥೆ. ಅವರ ಬಳಿ ಇರುವ ಎಆರ್‌ಎನ್ ಸಂಖ್ಯೆ ಫಂಡ್ ಮಾರಲು ಪಡೆದ ನೋಂದಣಿ. ಅವರು ಕೊಡಿಸುವುದು ರೆಗ್ಯುಲರ್ ಪ್ಲಾನ್, ಅಂದರೆ ಅವರ ಕಮಿಷನ್ ಖರ್ಚಿನಲ್ಲೇ ಸೇರಿರುವುದು. ಅದೇ ಫಂಡಿನ ಡೈರೆಕ್ಟ್ ಪ್ಲಾನ್ (ವಿತರಕರಿಲ್ಲದೆ ನೇರ ಕೊಳ್ಳುವುದು) 2013ರ ಜನವರಿಯಿಂದ ಇದೆ. ಎರಡರ ಖರ್ಚಿನ ಅಂತರ ಶೇ 0.8 ಇದೆಯೆನ್ನಿ, 10 ಲಕ್ಷಕ್ಕೆ ವರ್ಷಕ್ಕೆ 8,000 ರೂಪಾಯಿ ಹೋಯಿತು. ಬಿಲ್ಲು ಬರುವುದಿಲ್ಲವಾದ್ದರಿಂದ ‘ಸಲಹೆ ಉಚಿತ’ ಎಂದುಕೊಳ್ಳುತ್ತೇವೆ.

ಸಿಎ ತೆರಿಗೆಗೆ ಸರಿಯಾದ ವ್ಯಕ್ತಿ. ಬಂದ ಹಣದಲ್ಲಿ ಯಾವುದಕ್ಕೆ ವಿನಾಯಿತಿ, ಹಳೆ ತೆರಿಗೆ ಪದ್ಧತಿಯೋ ಹೊಸದೋ, ಇವನ್ನು ಅವರಲ್ಲೇ ಕೇಳಿ. ಹೂಡಿಕೆ ಬೇರೆ ವಿದ್ಯೆ.

ಮಗಳು ಹೇಳುತ್ತಿರುವುದು ಸೆಬಿ (ಷೇರು ಮಾರುಕಟ್ಟೆ ನಿಯಂತ್ರಣ ಸಂಸ್ಥೆ) ನೋಂದಾಯಿತ ಹೂಡಿಕೆ ಸಲಹೆಗಾರರ ಬಗ್ಗೆ ಇರಬೇಕು. ಇವರ ನೋಂದಣಿ ಸಂಖ್ಯೆ ಐಎನ್‌ಎ ಎಂದು ಶುರುವಾಗುತ್ತದೆ. ಸೆಬಿ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ, ಹೆಸರು ತಾಳೆಯಾಗುತ್ತದೆಯೇ ನೋಡಿ. ಫೀಸು ಕೊಟ್ಟ ಗ್ರಾಹಕರ ಹೂಡಿಕೆಯ ಮೇಲೆ ಇವರು ಕಮಿಷನ್ ಪಡೆಯುವಂತಿಲ್ಲ. ನಿಗದಿತ ಶುಲ್ಕಕ್ಕೆ ಒಂದು ಕುಟುಂಬಕ್ಕೆ ವರ್ಷಕ್ಕೆ 1.51 ಲಕ್ಷದ ಮಿತಿ ಇದೆ (ಅಷ್ಟು ಕೊಡಬೇಕೆಂದಲ್ಲ, ಚೌಕಾಸಿ ಮಾಡಿ). ಹೂಡಿಕೆ ಮೊತ್ತದ ಶೇಕಡಾವಾರು ಕೇಳುವವರೂ ಇದ್ದಾರೆ. ನಿಮಗೆ ಅದು ಬೇಡ. ಅಂಚೆ ಕಚೇರಿಯಲ್ಲಿ ಹಣ ಇಡಿ ಅಥವಾ ಸಾಲ ತೀರಿಸಿ ಎಂದರೆ ಅವರ ಶುಲ್ಕ ಇಳಿಯುವಂತಿದ್ದರೆ, ಆ ಸಲಹೆ ಅವರ ಬಾಯಿಂದ ಬರುವುದು ಕಷ್ಟ.

ಇಷ್ಟಾಗಿ, ನಿಮ್ಮ ಹಣದ ಮುಕ್ಕಾಲು ಭಾಗಕ್ಕೆ ಸಲಹೆಗಾರರೇ ಬೇಕಿಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು. 2025ರ ಶೇ 8.2 ದರದಲ್ಲಿ ಮೂರು ತಿಂಗಳಿಗೆ 61,500 ರೂಪಾಯಿ ಬಡ್ಡಿ. ಉಳಿದ 12 ಲಕ್ಷದಲ್ಲಿ ಆಸ್ಪತ್ರೆ ಖರ್ಚಿಗೆಂದು ಒಂದಿಷ್ಟು ತೆಗೆದಿಟ್ಟು, ಮಿಕ್ಕಿದ್ದರ ಬಗ್ಗೆ ಒಂದೇ ಬಾರಿಯ ಯೋಜನೆ ಬರೆಸಿಕೊಳ್ಳಿ. ಹೋಗುವಾಗ ಪಿಂಚಣಿ ಆದೇಶ, ಇರುವ ಪಾಲಿಸಿಗಳು, ಸಾಲದ ಲೆಕ್ಕ, ತಿಂಗಳ ಖರ್ಚು ಜೊತೆಗಿರಲಿ. ಲಿಖಿತ ಒಪ್ಪಂದವಿಲ್ಲದೆ ಫೀಸು ಕೊಡಬೇಡಿ. ಹೂಡುವ ಹಣವಂತೂ ನಿಮ್ಮ ಖಾತೆಯಿಂದ ನೇರ ಫಂಡಿಗೇ ಹೋಗಬೇಕು, ಸಲಹೆಗಾರರ ಖಾತೆಗಲ್ಲ.

ಪ್ರಶ್ನೆ: ಟೆಲಿಗ್ರಾಂ ಗುಂಪಿನವರು ‘ಸೆಬಿ ನೋಂದಾಯಿತ’ ಎಂದು ಐಎನ್‌ಎಚ್ ಸಂಖ್ಯೆ ತೋರಿಸಿ, ತಿಂಗಳಿಗೆ ಶೇ 10 ಖಾತ್ರಿ ಎನ್ನುತ್ತಾರೆ. ನಂಬಬಹುದೇ?
– ಓದುಗ, ಮಂಡ್ಯ

ಉತ್ತರ: ಬೇಡ. ಐಎನ್‌ಎಚ್ ಷೇರು ವಿಶ್ಲೇಷಕರ ಸಂಖ್ಯೆ. ನಿಜವಾಗಿ ಅದು ಇರುವವರು ಲಾಭದ ಖಾತ್ರಿ ಕೊಡುವಂತಿಲ್ಲ. ಬೇರೆಯವರ ಸಂಖ್ಯೆಯನ್ನೇ ಕದ್ದು ಹಾಕಿಕೊಳ್ಳುವ ವಂಚಕರೂ ಇದ್ದಾರೆ. ಹಣ ಕಳಿಸಿಬಿಟ್ಟಿದ್ದರೆ ನಾಳೆಗೆ ಮುಂದೂಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ದುಡ್ಡು ಖಾತೆಯಿಂದ ಖಾತೆಗೆ ಜಿಗಿದಷ್ಟೂ ತಡೆಹಿಡಿಯುವುದು ಕಷ್ಟವಾಗುತ್ತದೆ.